ಅರ್ಧಚ್ಛೇದ

32 ಅಡಿಕೆಗಳ ರಾಶಿಯನ್ನು ಅರ್ಧ ಮಾಡುತ್ತ ಹೋದರೆ 16, 8, 4, 2, ಕೊನೆಗೆ 1 ಉಳಿಯುತ್ತದೆ. ಐದು ಸಲ ಅರ್ಧವಾಯಿತು. 32ರ ಅರ್ಧಚ್ಛೇದ 5. ಜೈನ ಆಚಾರ್ಯ ವೀರಸೇನರು 9ನೇ ಶತಮಾನದ ಆರಂಭದಲ್ಲಿ ಜೈನ ಸಿದ್ಧಾಂತ ಗ್ರಂಥ ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆಯಲ್ಲಿ ಈ ಪದವನ್ನು ಪಳಗಿದ ಕೈಯಿಂದ ಬಳಸಿದ್ದಾರೆ. ಆ ಟೀಕೆಯ ತಾಳೆಗರಿಗಳು, ಹಳಗನ್ನಡ ಲಿಪಿಯಲ್ಲಿ, ಉಳಿದುಬಂದದ್ದು ಮೂಡುಬಿದಿರೆಯ ಗುರುಬಸದಿಯಲ್ಲಿ. ಅದೇ ಕಾಲಕ್ಕೆ ಬಾಗ್ದಾದಿನಲ್ಲಿದ್ದ ಪರ್ಷಿಯಾ ಮೂಲದ ಗಣಿತಜ್ಞ ಅಲ್ ಖ್ವಾರಿಜ್ಮಿಯವರ ಹೆಸರು ಲ್ಯಾಟಿನ್ ದಾಟಿ ‘ಆಲ್ಗರಿದಮ್’ ಆಯಿತು. ಅವರ ಗ್ರಂಥದ ಹೆಸರಿನೊಳಗಿನ ‘ಅಲ್ ಜಬ್ರ್’ ಆಲ್ಜೀಬ್ರಾ ಆಯಿತು. ಇಬ್ಬರ ಕೀರ್ತಿ ಇಷ್ಟು ಬೇರೆಯಾದದ್ದು, ನನ್ನ ಮಟ್ಟಿಗೆ, ಅವರ ಪದಗಳು ಹಿಡಿದ ದಾರಿಯಿಂದ. ವ್ಯಾಪಾರ, ಆಸ್ತಿ ಪಾಲಿನ ಲೆಕ್ಕ ಹೇಳಿಕೊಡುವ ಖ್ವಾರಿಜ್ಮಿಯವರ ಬರಹ 12ನೇ ಶತಮಾನದಲ್ಲೇ ಲ್ಯಾಟಿನ್‌ಗೆ ಇಳಿಯಿತು. ಧವಲಾ ಪೂಜೆಯ ವಸ್ತುವಾಯಿತು. ಸಿದ್ಧಾಂತ ದರ್ಶನಕ್ಕೆ ಬಂದವರು ಗರಿಗಳಿಗೆ ಕೈಮುಗಿದು ಹೋಗುತ್ತಿದ್ದರು. ನಕಲು ಶುರುವಾದದ್ದು 19ನೇ ಶತಮಾನದ ಕೊನೆಗೆ, ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಅದರ ಗಣಿತದ ಬಗ್ಗೆ ಗಣಿತಜ್ಞ ಎ. ಎನ್. ಸಿಂಗ್ ಬರೆದದ್ದು 1942ರಲ್ಲಿ. ಪೂಜಿಸಿದ ಕೈಗಳೇ ಗರಿಗಳನ್ನು ಕಾಪಾಡಿದವು ಎಂಬುದನ್ನೂ ಮರೆಯಬಾರದು.

ಅರ್ಧಚ್ಛೇದವನ್ನು ಲಾಗರಿದಮ್ ಎನ್ನಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. 1614ರಲ್ಲಿ ಗಣಿತಜ್ಞ ನೇಪಿಯರ್ ಕೊಟ್ಟಂಥ ಲಾಗರಿದಮ್ ಕೋಷ್ಟಕ ಇಲ್ಲಿಲ್ಲ. ಪದವೂ ವೀರಸೇನರೇ ಹುಟ್ಟಿಸಿದ್ದೆನ್ನುವಂತಿಲ್ಲ, ಅದು ಪರಂಪರೆಯ ಸೊತ್ತು, ಮುಂದೆ ಜೈನ ಆಚಾರ್ಯ ನೇಮಿಚಂದ್ರರ ತ್ರಿಲೋಕಸಾರದಲ್ಲೂ ಸಿಗುತ್ತದೆ. ಎಲ್ಲವೂ ನಮ್ಮಲ್ಲೇ ಇತ್ತೆಂಬ ಜಂಬಕ್ಕೆ ಇದು ಆಧಾರವಾಗದು. ಆದರೆ ನಿಯಮ ಮಾತ್ರ ಸ್ಪಷ್ಟವಾಗಿದೆ: ಗುಣಲಬ್ಧದ ಅರ್ಧಚ್ಛೇದವೆಂದರೆ ಗುಣಿಸಿದ ಸಂಖ್ಯೆಗಳ ಅರ್ಧಚ್ಛೇದಗಳ ಮೊತ್ತ. 4ರದ್ದು 2, 8ರದ್ದು 3, ಕೂಡಿದರೆ 32ರ 5. ಮೂರರಿಂದ ಭಾಗಿಸುತ್ತ ಹೋದರೆ ತ್ರಿಕಚ್ಛೇದ, ನಾಲ್ಕರಿಂದಾದರೆ ಚತುರ್ಥಚ್ಛೇದ. ಜೈನ ಲೋಕವರ್ಣನೆಯಲ್ಲಿ ಒಂದಕ್ಕಿಂತ ಒಂದು ಇಮ್ಮಡಿ ಅಗಲವಾಗುತ್ತ ಹೋಗುವ ದ್ವೀಪ, ಸಮುದ್ರಗಳ ಲೆಕ್ಕಕ್ಕೆ ಇಂಥ ಪದ ಬೇಕೇಬೇಕಿತ್ತು. ಕೆಲಸವಿದ್ದುದರಿಂದಲೇ ಅದು ಬದುಕಿತು.

ಆ ಕೆಲಸ ಈಗ ಮತ್ತೆ ಬಂದಿದೆ. ಅಕಾರಾದಿಯಾಗಿ ಜೋಡಿಸಿದ 1024 ಹೆಸರುಗಳಲ್ಲಿ ಒಂದನ್ನು ಹುಡುಕುವ ಕಂಪ್ಯೂಟರ್ ಪಟ್ಟಿಯನ್ನು ಹತ್ತು ಸಲ ಅರ್ಧ ಮಾಡಿದರೆ ಸಾಕು, ಏಕೆಂದರೆ 1024ರ ಅರ್ಧಚ್ಛೇದ 10. ಅಂಶ, ಛೇದ ಎಂದು ಭಿನ್ನರಾಶಿ ಕಲಿತ ಮಕ್ಕಳಿಗೆ ಈ ಪದ ಅಪರಿಚಿತವೂ ಅಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗಣಿತದ ಮೇಷ್ಟ್ರುಗಳು, ಟೀಚರುಗಳು ಎರಡನ್ನು ಆಧಾರವಾಗಿಟ್ಟ ಲಾಗರಿದಮ್ ಕಲಿಸುವ ದಿನ ಕರಿಹಲಗೆಯ ಮೇಲೆ ‘ಅರ್ಧಚ್ಛೇದ’ ಎಂದೂ ಬರೆಯಲಿ.