ಉಪ್ಪಿಟ್ಟಿನ ಹಿಂದೆ ಮರೆಯಾದ ಆಟ: ಅಂಗನವಾಡಿ ನಮ್ಮ ಜಿಲ್ಲೆಗೆ ಬಂದ ಕಥೆ

ಮೈಸೂರಿನ ದೊಡ್ಡ ಗಡಿಯಾರ ನೋಡಿದ್ದೀರಲ್ಲ? ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಅದರ ಮೇಲಿರುವುದು ಕನ್ನಡದ ಅಂಕಿ. ಈಚೆಗೆ ಅಕ್ಕನ ಮಗನನ್ನು ಅಲ್ಲಿ ನಿಲ್ಲಿಸಿ, ಗಂಟೆ ಎಷ್ಟೋ ಅಂತ ಕೇಳಿದೆ. ಯುಕೆಜಿ ಹುಡುಗ, ಇಂಗ್ಲಿಷ್‌ನಲ್ಲಿ ನೂರರವರೆಗೆ ಬರೀತಾನೆ. ಕತ್ತೆತ್ತಿ ನೋಡಿ, "ಮಾಮ, ಅದೇನು ಬರ್ದಿರೋದು?" ಅಂದ.

ಐದು ವರ್ಷದ ಮಗುವಿಗೆ ಗಡಿಯಾರ ಓದಲು ಬರಲೇಬೇಕು ಅಂತಿಲ್ಲ ಬಿಡಿ. ಆದರೆ ಅವನ ಬ್ಯಾಗಿನಲ್ಲಿ ಮೂರು ಹೋಂವರ್ಕ್ ಪುಸ್ತಕ ಇದ್ದವು. ಊರಿನ ಅಂಗನವಾಡಿಗೆ ಯಾಕೆ ಕಳಿಸಲಿಲ್ಲ ಅಂದರೆ ಅಕ್ಕನ ಉತ್ತರ: "ಅಲ್ಲೇನ್ ಕಲಿಸ್ತಾರೆ? ಉಪ್ಪಿಟ್ಟು ಕೊಡ್ತಾರೆ, ಆಟ ಆಡಿಸ್ತಾರೆ."

ಆಟ ಆಡಿಸುವುದೇ ಅಲ್ಲಿನ ಪಾಠ ಅನ್ನುವುದು ನಮಗೆ ಮರೆತೇಹೋಗಿದೆ.

ನಮ್ಮ ಮುತ್ತಾತಂದಿರ ಕಾಲದ ಕೂಲಿಮಠದಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಒಪ್ಪಿಸುತ್ತಿದ್ದರು, ತಪ್ಪಿದರೆ ಏಟು ತಿನ್ನುತ್ತಿದ್ದರು. ಪುಟ್ಟ ಮಕ್ಕಳಿಗೆ ಆಟವೇ ಓದು ಅಂತ ಜರ್ಮನಿಯ ಫ್ರೊಬೆಲ್ 1837ರಲ್ಲೇ ಶಾಲೆ ತೆರೆದಿದ್ದ. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಬಂದರು. ಬಡವರ ಮಕ್ಕಳು ಶಾಲೆಯ ತನಕ ಬರುತ್ತಿರಲಿಲ್ಲ. ಹಾಗಾದರೆ ಶಾಲೆಯೇ ಅವರ ಕೇರಿಗೆ ಹೋಗಲಿ ಅಂದರು ತಾರಾಬಾಯಿ. ಸಂಗಾತಿ ಅನುತಾಯಿ ವಾಘ್ ಜೊತೆ ಸೇರಿ ಕೇರಿಯ ಅಂಗಳದಲ್ಲೇ ಮಕ್ಕಳನ್ನು ಕೂರಿಸಿದರು. ಆಟದ ಸಾಮಾನು ಅಂದರೆ ಬೀಜ, ಎಲೆ, ಕಲ್ಲು, ಚಿಪ್ಪು. ಅಂಗಳದಲ್ಲಿ ನಡೆದದ್ದರಿಂದ ಅದು ಅಂಗನವಾಡಿ.

ಆ ಹೆಸರು ಸರ್ಕಾರದ ಯೋಜನೆಗೆ ಬಂದದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕಕ್ಕೆ ಮೊದಲು ಸಿಕ್ಕಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ, 100 ಅಂಗನವಾಡಿಗಳೊಂದಿಗೆ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಇವೆ. ಬೇರೆ ಜಿಲ್ಲೆಯವರಿಗೆ ಇದನ್ನು ಹೇಳುವಾಗ ನಾನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಯೋಜನೆಯಲ್ಲಿ ಆರು ಸೇವೆಗಳಿದ್ದವು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಯ ಜೊತೆಗೇ ಶಾಲಾಪೂರ್ವ ಶಿಕ್ಷಣವೂ ಒಂದು. ಆಹಾರ ತಟ್ಟೆಯಲ್ಲಿ ಕಾಣುತ್ತದೆ, ತೂಕ ರಿಜಿಸ್ಟರಿನಲ್ಲಿ ಕಾಣುತ್ತದೆ. ಆಟದಲ್ಲಿ ಕಲಿತದ್ದು ಎಲ್ಲಿ ಕಾಣಬೇಕು? ಮಗುವಿನ ಕೈಯಲ್ಲಿ ಪುಸ್ತಕ ಇಲ್ಲ. ಹಾಗಾಗಿ ಜನರ ಬಾಯಲ್ಲಿ ಅದು ಉಪ್ಪಿಟ್ಟಿನ ಕೇಂದ್ರವಾಗಿ ಉಳಿಯಿತು. ಜನರದ್ದೇ ತಪ್ಪು ಅನ್ನಲಾರೆ. ಗರ್ಭಿಣಿಯರ ಲೆಕ್ಕ, ಸರ್ವೆ, ಮೊಬೈಲ್ ಆ್ಯಪ್ ಎಲ್ಲವನ್ನೂ ಒಬ್ಬ ಕಾರ್ಯಕರ್ತೆಯ ತಲೆಗೆ ಕಟ್ಟಿದರೆ ಆಟ ಆಡಿಸಲು ಹೊತ್ತೆಲ್ಲಿದೆ?

ಆದರೂ ಆಡಿಸುವ ಕಡೆ ಹೋಗಿ ಒಂದು ಗಂಟೆ ಕೂತು ನೋಡಿ. ಹುಣಸೆ ಬೀಜ, ಅವರೆಕಾಳು ಬೇರೆ ಮಾಡಿ ಗುಡ್ಡೆ ಹಾಕುವುದು ಲೆಕ್ಕ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಸುತ್ತು ಗೀಚುವುದು ಮುಂದೆ ಪೆನ್ಸಿಲ್ ಹಿಡಿಯುವ ಬೆರಳಿಗೆ ಕಸರತ್ತು. ಸಮಯದ ಪಾಠವೂ ಹಾಗೇ. ಮೂರು ವರ್ಷದ ಮಗುವಿಗೆ ನಿಮಿಷದ ಮುಳ್ಳು ಅರ್ಥವಾಗದು. ಅದಕ್ಕೆ ಮೊದಲು ಗೊತ್ತಾಗಬೇಕಾದ್ದು ಯಾವುದಾದ ಮೇಲೆ ಯಾವುದು: ಹಾಡು ಮುಗಿದ ಮೇಲೆ ಆಟ, ಕೈ ತೊಳೆದ ಮೇಲೆ ಊಟ, ಊಟ ಆದ ಮೇಲೆ ನಿದ್ದೆ. ದಿನಾ ಒಂದೇ ಕ್ರಮದಲ್ಲಿ ನಡೆದರೆ ಮಗುವೇ ಮುಂದಿನದನ್ನು ಹೇಳುತ್ತದೆ. ನಿನ್ನೆ, ನಾಳೆ ಎಂಬ ಮಾತು ಆಮೇಲೆ ನಿಲ್ಲುತ್ತದೆ. ಗಡಿಯಾರದ ಅಂಕಿ ಕೊನೆಗೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ, ಆಟವೇ ಬುನಾದಿ ಅನ್ನುತ್ತದೆ. ಬೋರ್ಡಿಯ ಅಂಗಳದಲ್ಲಿ 75 ವರ್ಷ ಹಿಂದೆ ಮಾಡಿ ತೋರಿಸಿದ್ದ ಮಾತು.

ನಾನು ಹೋಗಿದ್ದ ಒಂದು ಕೇಂದ್ರದ ಗೋಡೆಯಲ್ಲಿ ರಟ್ಟಿನ ಗಡಿಯಾರ ತೂಗುಹಾಕಿದ್ದರು, ಮುಳ್ಳಿಗೆ ಗುಂಡುಪಿನ್ನು. ಮೂಗು ಸೋರುತ್ತಿದ್ದ ಹುಡುಗಿಯೊಬ್ಬಳು ಎರಡೂ ಮುಳ್ಳನ್ನು ಮೇಲಕ್ಕೆ ತಿರುಗಿಸಿ ಟೀಚರ್ ಕಡೆ ನೋಡಿದಳು. "ಮಿಸ್, ಊಟ!" ಅಂದಳು.