ಹಾಲಿನ ಕ್ಯಾನಿಗೆ ತಕ್ಕ ಸೈಕಲ್ಲು

ಕಸ್ಟಮ್ ಸೈಕಲ್ ಅಂದ್ರೆ ಈಗ ಲಕ್ಷದ ಮಾತು. ಅದರ ಚರಿತ್ರೆ ಹುಡುಕಿದರೆ ಇಟಲಿಯ ಎರ್ನೆಸ್ಟೊ ಕೊಲ್ನಾಗೊ ಸಿಕ್ಕೇ ಸಿಗ್ತಾರೆ. 1972ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಎಡ್ಡಿ ಮರ್ಕ್ಸ್ ಒಂದೇ ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದ ಸೈಕಲ್ಲು ಅವರದ್ದು. ತೂಕ ಆರು ಕೆಜಿಗಿಂತ ಕಡಿಮೆ. ಗ್ರಾಂ ಲೆಕ್ಕದಲ್ಲಿ ಇಳಿಸೋಕೆ ಚೈನಿಗೂ ತೂತು ಕೊರೆದಿದ್ದರು.

ನಮ್ಮ ಕಡೆ ಕಸುಬು ಉಲ್ಟಾ ದಿಕ್ಕಿನಲ್ಲಿ ಬೆಳೀತು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾಯ್ತು, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಕಾರ್ಖಾನೆ ಎಲ್ಲರಿಗೂ ಒಂದೇ ಕರಿ ಸೈಕಲ್ ಕೊಡ್ತು. ಅದನ್ನ ಒಬ್ಬೊಬ್ಬರ ಬದುಕಿಗೆ ಹೊಂದಿಸಿದ್ದು ಸೈಕಲ್ ಷಾಪಿನವರು. ಬಾಗಲೂರಿನಿಂದ ಯಲಹಂಕಕ್ಕೆ ಹಾಲು, ಸೊಪ್ಪು ಹೊತ್ತವರಿಗೆ ಹಗುರ ಸೈಕಲ್ ತಗೊಂಡು ಏನಾಗ್ಬೇಕಿತ್ತು?

ಕೊಲ್ನಾಗೊ ಥರದವರು ಮೊದಲು ಅಳೆಯೋದು ಸವಾರನ ಕಾಲಿನ ಉದ್ದ. ನಮ್ಮ ಷಾಪಿನವರು ಕೇಳ್ತಿದ್ದದ್ದು, "ಏನು ಹೇರ್ತೀಯಪ್ಪಾ?" ಹಾಲು ಅಂದ್ರೆ ಕ್ಯಾರಿಯರಿನ ಎರಡೂ ಕಡೆ ಕ್ಯಾನು ತಗಲಾಕೋ ಕೊಕ್ಕೆ, ಆ್ಯಕ್ಸಲ್‌ನಿಂದ ಮೇಲಕ್ಕೆ ಇನ್ನೊಂದು ಜೊತೆ ಕಂಬಿ, ಅಗಲದ ಸ್ಟ್ಯಾಂಡು. ಕಬ್ಬಿಣ ಬಗ್ಗಿಸೋಕೆ ಪಕ್ಕದ ಕಮ್ಮಾರ. ಸಾಣೆ ಹಿಡಿಯೋನು ಬಂದ್ರೆ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ಸಾಣೆಕಲ್ಲು ತಿರುಗೋ ಹಾಗೆ ಏರ್ಪಾಡು.

ಆದ್ರೆ ನಿಜವಾದ ಕೈಚಳಕ ಚಕ್ರದಲ್ಲಿ. ಹಳೇ ಸೈಕಲ್ಲಿಗೆ ಮುಂದೆ 32 ಕಡ್ಡಿ, ಹಿಂದೆ 40. ಭಾರ ಬೀಳೋದೇ ಹಿಂದೆ, ಅದಕ್ಕೆ. ಒಂದೊಂದೇ ಕಡ್ಡಿ ಹೆಣೆದು, ಸೈಕಲ್ಲನ್ನ ತಲೆಕೆಳಗೆ ನಿಲ್ಲಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ತಿರುಗಿಸೋರು. ಗೀಟು ಬಿದ್ದ ಕಡೆ ಬೆಂಡಿದೆ ಅಂತ ಅರ್ಥ. ಆ ಕಡೆಯ ಕಡ್ಡಿ ಕಾಲು ಸುತ್ತು ಸಡಿಲ, ಎದುರಿನದ್ದು ಕಾಲು ಸುತ್ತು ಬಿಗಿ. ಬಿಗಿ ಗೊತ್ತಾಗ್ತಿದ್ದದ್ದು ಬೆರಳಲ್ಲಿ ಮೀಟಿದಾಗ ಬರೋ ಸದ್ದಿನಿಂದ. ಕಿವಿಯೇ ಮೀಟರು! ನಾನು ಬಿಇ ಮುಗಿಸಿದ ಮೇಲೂ ಒಮ್ಮೆ ಪ್ರಯತ್ನಪಟ್ಟೆ, ಚಕ್ರ ಎಂಟರ ಆಕಾರಕ್ಕೆ ಬಂತು.

ಸೈಕಲ್ಲಿನ ಮೂತಿಗೆ ಕಂಪನಿ ಬ್ಯಾಡ್ಜು, ಪುರಸಭೆ ತೆರಿಗೆ ಕಟ್ಟಿದವನಿಗೆ ಬಿಲ್ಲೆ. ಕಡ್ಡಿ ಹೆಣೆದವನ ಹೆಸರು ಮಾತ್ರ ಎಲ್ಲೂ ಕೆತ್ತಲಿಲ್ಲ. ನಮ್ಮೂರಲ್ಲಿ ಅವರನ್ನ ಸೈಕಲ್ ಷಾಪಣ್ಣ ಅಂತಲೇ ಕರೀತಿದ್ವಿ, ನಿಜವಾದ ಹೆಸರು ನಂಗೂ ಗೊತ್ತಿಲ್ಲ. ಅಪ್ಪನ ಸೈಕಲ್ಲು ಗುಜರಿಗೆ ಹೋದಾಗ ಕೆಜಿ ಲೆಕ್ಕದಲ್ಲೇ ಹೋಯ್ತು. ಅಮ್ಮ ಕ್ಯಾನಿನ ಕೊಕ್ಕೆ ಎರಡನ್ನ ಬಿಚ್ಚಿಟ್ಕೊಂಡ್ರು. ಈಗ ಕೊಟ್ಟಿಗೆ ಗೋಡೆಯಲ್ಲಿ ಹಗ್ಗ ನೇತುಹಾಕೋದು ಅದಕ್ಕೇ.