ಹಿಟ್ಟುಣ್ಣುವ ಸೀಮೆಗೆ ಬಂದ ಸರ್ಕಾರಿ ಅನ್ನ

ಸಮತೋಲನ ಆಹಾರದ ಪಾಠ ಬಂದಾಗಲೆಲ್ಲ ನಾವು ಪುಸ್ತಕ ಮುಚ್ಚಿಟ್ಟು ಮಕ್ಕಳನ್ನು ಒಂದು ಪ್ರಶ್ನೆ ಕೇಳುತ್ತೇವೆ: "ನಿನ್ನೆ ರಾತ್ರಿ ಏನುಂಡಿರಿ?" "ಅನ್ನ ಸಾರು ಸಾ!" ಎಂದು ತರಗತಿಯೆಲ್ಲ ಕೂಗುತ್ತದೆ. ಹಿಟ್ಟು (ಮುದ್ದೆಗೆ ನಮ್ಮ ಕಡೆ ಹೀಗೆನ್ನುವುದೇ ರೂಢಿ) ಉಂಡವರು ಕೈಯೆತ್ತಲು ನಾಚುತ್ತಾರೆ. ದಿಂಬಂ ಘಾಟಿಯ 27 ತಿರುವುಗಳ ಮೇಲಿರುವ ನಮ್ಮ ತಾಳವಾಡಿ ರಾಗಿಯ ಸೀಮೆ. ಇಲ್ಲಿ ಹೀಗಾದದ್ದಕ್ಕೆ ಒಂದು ಇತಿಹಾಸವಿದೆ ಓದುಗರೇ.

ನಮ್ಮ ಹಿರಿಯರ ತಟ್ಟೆಯಲ್ಲಿ ಹಿಟ್ಟು, ಅವರೆಕಾಳಿನ ಸಾರು, ಹೊಲದ ಸೊಪ್ಪು ಇರುತ್ತಿದ್ದವು. ಪೋಷಕಾಂಶ ಎಂಬ ಮಾತು ಅವರಿಗೆ ಗೊತ್ತಿರಲಿಲ್ಲ, ಆದರೆ ಜೋಡಣೆ ಸರಿಯಾಗಿತ್ತು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ರಾಗಿಯ ಪ್ರೋಟೀನಿನಲ್ಲಿ ಕೊರತೆಯಾಗುವ ಲೈಸಿನ್ ಅನ್ನು ಕಾಳು ತುಂಬುತ್ತದೆ. ಸಾರಿಗೆ ನಿಂಬೆಹುಳಿ ಹಿಂಡಿದರೆ ಸೊಪ್ಪಿನ ಕಬ್ಬಿಣದಂಶ ಮೈಗೆ ಹತ್ತುತ್ತದೆ. ಇಷ್ಟಾದರೂ ಬರಗಾಲದಲ್ಲಿ ತಟ್ಟೆಯೇ ಖಾಲಿ. ಅದನ್ನೂ ಮರೆಯಬಾರದು.

ಶಾಲೆಯಲ್ಲಿ ಊಟ ಹಾಕುವ ಯೋಚನೆ ನಮ್ಮ ರಾಜ್ಯಕ್ಕೆ ಹಳೆಯದು. 1920ರಲ್ಲಿ ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಮದ್ರಾಸ್ ನಗರಸಭೆಯ ಅಧ್ಯಕ್ಷರಾಗಿದ್ದಾಗ ಥೌಸಂಡ್ ಲೈಟ್ಸ್ ಶಾಲೆಯಲ್ಲಿ ಇದು ಆರಂಭವಾಯಿತು. ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರಬಾರದೆಂಬ ಷರತ್ತು! ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. 1956ರಲ್ಲಿ ಕಾಮರಾಜರು ಊರವರ ನೆರವಿನಿಂದ ಅದನ್ನು ರಾಜ್ಯಕ್ಕೆಲ್ಲ ಹರಡಿದರು. ನೆರೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ನಾವು ಇಲ್ಲೇ ಉಳಿದದ್ದೂ ಅದೇ ವರ್ಷ. 1982ರ ಜುಲೈ 1ರಂದು ಎಂ.ಜಿ.ಆರ್. ಅವರ ಪೌಷ್ಟಿಕ ಊಟದ ಯೋಜನೆ ಬಂತು. ಆ ಕಡೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಒಲೆ ಹೊತ್ತಿದ್ದು ಇಪ್ಪತ್ತು ವರ್ಷ ತಡವಾಗಿ, 2002ರಲ್ಲಿ. ಗಡಿನಾಡಿನವರೆಂದು ಕೊರಗುವ ನಾವು ಈ ಒಂದು ವಿಷಯದಲ್ಲಿ ಮೊದಲು ಉಂಡವರು!

ನಾವು ಆ ಅನ್ನ ಉಂಡೇ ಬೆಳೆದವರು. ಮನೆಯಲ್ಲಿ ಹಬ್ಬಕ್ಕೆ ಮಾತ್ರ ಕಾಣುತ್ತಿದ್ದ ಅನ್ನ ಶಾಲೆಯಲ್ಲಿ ದಿನವೂ ಸಿಗುತ್ತಿತ್ತು. ಬಿಸಿ ಅನ್ನದ ವಾಸನೆ ಬಂತೆಂದರೆ ಮಗ್ಗಿ ಮರೆತುಹೋಗುತ್ತಿತ್ತು. ಎಷ್ಟೋ ಮನೆಯವರು ಮಕ್ಕಳನ್ನು ದನ ಕಾಯಲು ಕಳಿಸದೆ ಶಾಲೆಗೆ ಕಳಿಸಿದ್ದು ಈ ಊಟಕ್ಕಾಗಿ. ಆದರೆ ಆ ತಟ್ಟೆಯಲ್ಲಿ ಅನ್ನವೇ ಬೆಟ್ಟ, ಬೇಳೆ ತಿಳಿನೀರು. ಕೊರತೆ ತುಂಬಲು ಬಂದದ್ದು ಮೊಟ್ಟೆ: 1989ರಲ್ಲಿ ಹದಿನೈದು ದಿನಕ್ಕೊಂದು, 1998ರಲ್ಲಿ ವಾರಕ್ಕೊಂದು, 2006ರಲ್ಲಿ ಎರಡು, 2007ರಲ್ಲಿ ಮೂರು, 2010ರಲ್ಲಿ ಐದು. ತಿನ್ನದವರಿಗೆ ಬಾಳೆಹಣ್ಣು. ಒಂದು ಮೊಟ್ಟೆ ವಾರಕ್ಕೆ ಐದಾಗಲು 21 ವರ್ಷ ಬೇಕಾಯಿತು. ನಮಗೆ ಸಿಕ್ಕ ಮೊದಲ ಮೊಟ್ಟೆಯನ್ನು ನಾವು ತಿನ್ನದೆ ಚಡ್ಡಿ ಜೇಬಿನಲ್ಲಿಟ್ಟು ತಂಗಿಗೆ ಒಯ್ದಿದ್ದೆವು. ದಾರಿಯಲ್ಲಿ ಜಜ್ಜಿಹೋಗಿತ್ತು. ಅವಳು ಅದನ್ನೇ ತಿಂದಳು.

2011ರಿಂದ ಪಡಿತರ ಅಕ್ಕಿಯೂ ಉಚಿತವಾಯಿತು. ಶಾಲೆಯಲ್ಲೂ ಅನ್ನ, ಮನೆಯಲ್ಲೂ ಅನ್ನ. ಹಸಿವು ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ಬೀಸುವ ಕಲ್ಲು ಮೂಲೆ ಸೇರಿತು, ಹಿಟ್ಟು ಬಡವರ ಊಟವೆನಿಸಿತು. 2023ರಲ್ಲಿ ನೀಲಗಿರಿ, ಧರ್ಮಪುರಿ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಲ್ಲಿ ಅಕ್ಕಿಗೆ ಬದಲಾಗಿ 2 ಕೆ.ಜಿ. ರಾಗಿ ಕೊಡಲು ಆರಂಭಿಸಿದಾಗ ನಮಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಮೊನ್ನೆ ಕಪ್ಪುಹಲಗೆಯ ಮೇಲೆ ರಾಗಿ, ಅಕ್ಕಿಯ ಸುಣ್ಣದಂಶವನ್ನು ಪಕ್ಕಪಕ್ಕ ಬರೆದೆವು. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು, "ಹಂಗಾರ ಇಸ್ಕೂಲಲ್ಲಿ ಹಿಟ್ಟ ಯಾಕ ಕೊಡದಿಲ್ಲ ಸಾ?" ಎಂದಳು. ಅಷ್ಟು ಮಕ್ಕಳಿಗೆ ಹಿಟ್ಟು ತೊಳಸಲು ರಟ್ಟೆ ಬೇಕಲ್ಲಮ್ಮ ಎಂದೆವು.

"ನಮ್ಮಜ್ಜಿ ಬತ್ತಳ ಸಾ, ಕೋಲ್ನೂ ತತ್ತಳ."